ಮೊದಲು ಜೀವ ಉಳಿಯಲಿ: ಡಿ-ಅಡಿಕ್ಷನ್ ಓಪಿಡಿಯಲ್ಲಿ ನನ್ನ ಅನುಭವ

ಬೆಂಗಳೂರಿನಲ್ಲಿ ಡ್ರಗ್ಸ್ ಅಂದರೆ ಜನರಿಗೆ ಗಾಂಜಾ, ಪಾರ್ಟಿ, ಟಿವಿ ಸುದ್ದಿ ನೆನಪಾಗುತ್ತದೆ. ನಮ್ಮ ಓಪಿಡಿಗೆ ಬರುವ ಹುಡುಗರು ಜೇಬಿನಿಂದ ತೆಗೆಯುವುದು ನೋವಿನ ಮಾತ್ರೆಯ ಖಾಲಿ ಸ್ಟ್ರಿಪ್. ಟ್ಯಾಪೆಂಟಡಾಲ್. ತೀವ್ರ ಬೆನ್ನುನೋವಿಗೆ, ಆಪರೇಷನ್ ಆದ ಮೇಲಿನ ನೋವಿಗೆ ಡಾಕ್ಟರು ಬರೆದುಕೊಡುವ ಔಷಧಿ ಅದು. ಮಾರ್ಫಿನ್, ಹೆರಾಯಿನ್ ಸೇರಿದ ಓಪಿಯಾಯ್ಡ್ ಗುಂಪಿನದ್ದೇ. ನುಂಗಬೇಕಾದ ಈ ಮಾತ್ರೆಯನ್ನು ಇವರು ರಕ್ತನಾಳಕ್ಕೆ ಚುಚ್ಚಿಕೊಳ್ಳುತ್ತಾರೆ.

ನಾನು ನರ್ಸ್. ಸರ್ಕಾರಿ ಆಸ್ಪತ್ರೆಯೊಂದರ ಡಿ-ಅಡಿಕ್ಷನ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿಗೆ ಬರುವವರಲ್ಲಿ ಕುಡಿತದವರೇ ಜಾಸ್ತಿ. ಓಪಿಯಾಯ್ಡ್ ತೆಗೆದುಕೊಳ್ಳುವವರು ಅಷ್ಟಿಲ್ಲ, ಆದರೆ ಬರುವವರ ವಯಸ್ಸು ಬಹಳ ಚಿಕ್ಕದು. ಗ್ಯಾರೇಜಿನಲ್ಲಿ ಕೆಲಸ ಮಾಡುವವರು, ಆಟೋ ಓಡಿಸುವವರು, ಡೆಲಿವರಿ ಹುಡುಗರು, ಡಿಪ್ಲೊಮಾ ಓದುತ್ತಿರುವವರು. ಟ್ರಾಮಡಾಲ್ ಎಂಬ ಇನ್ನೊಂದು ನೋವಿನ ಮಾತ್ರೆ 2018ರಲ್ಲಿ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ವಸ್ತುಗಳನ್ನು ನಿಯಂತ್ರಿಸುವ ಕಾನೂನಿನ, ಕೆಳಗೆ ಬಂತು. ಅದು ಸಿಗುವುದು ಕಷ್ಟವಾಯಿತು. ಆಮೇಲೆ ಟ್ಯಾಪೆಂಟಡಾಲ್ ಹೆಸರು ನಮ್ಮ ಕಿವಿಗೆ ಜಾಸ್ತಿ ಬೀಳತೊಡಗಿತು. ಬಾಗಿಲು ಒಂದು ಮುಚ್ಚಿದರೆ ಕಾಯಿಲೆ ನಿಲ್ಲುವುದಿಲ್ಲ, ದಾರಿ ಬದಲಿಸುತ್ತದೆ. ಈಶಾನ್ಯದ ಕಡೆಯ ಸಹೋದ್ಯೋಗಿಗಳಿಗೆ ಇದೇನೂ ಹೊಸದಲ್ಲ. ಅಲ್ಲಿ ಪ್ರಾಕ್ಸಿವಾನ್ ಎಂಬ ನೋವಿನ ಕ್ಯಾಪ್ಸೂಲ್‌ನ ಪುಡಿ ಚುಚ್ಚಿಕೊಂಡು ಕೈಕಾಲು ಕಳೆದುಕೊಂಡವರನ್ನು ಅವರು ಎಷ್ಟೋ ವರ್ಷಗಳ ಹಿಂದೆಯೇ ನೋಡಿದ್ದಾರೆ.

ಇಲ್ಲಿ ಬರೆಯುತ್ತಿರುವುದು ನಾವು ಈ ಹುಡುಗರ ಜೊತೆ ಹೇಗೆ ಕೆಲಸ ಮಾಡುತ್ತೇವೆ ಎಂಬುದನ್ನು. ಯಾರ ಗುರುತೂ ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಬರುವವರು ಕೇಳುವ ಮೊದಲ ಮಾತು ಹೆಚ್ಚುಕಮ್ಮಿ ಒಂದೇ. "ಸಿಸ್ಟರ್, ಮೈಕೈ ನೋವು ತಡೆಯೋಕಾಗ್ತಿಲ್ಲ, ಏನಾದ್ರೂ ಕೊಡಿ." ಮಾತ್ರೆ ನಿಂತ ಕೂಡಲೇ ಶುರುವಾಗುವ ಈ ಸಂಕಟವನ್ನು ಹೊರಗಿನವರು ಹಗುರವಾಗಿ ನೋಡುತ್ತಾರೆ. ಮೂಗು ಸೋರುತ್ತದೆ, ಆಕಳಿಕೆ ನಿಲ್ಲುವುದಿಲ್ಲ, ಮೈಯೆಲ್ಲ ಮುಳ್ಳು ಏಳುತ್ತದೆ. ಮೂಳೆಯೊಳಗೆ ನೋವು. ಭೇದಿ. ಕಾಲು ಒಂದು ಕಡೆ ಇಡಲಾಗುವುದಿಲ್ಲ, ರಾತ್ರಿಯಿಡೀ ಒದ್ದಾಟ. ಇದರಿಂದ ಸಾವು ಬರುವುದು ಅಪರೂಪ. ಆದರೆ ಇದರ ಭಯಕ್ಕೇ ಬೆಳಗ್ಗೆ ಎದ್ದ ಕೂಡಲೇ ಮತ್ತೆ ಸೂಜಿ ಹಿಡಿಯುತ್ತಾರೆ. ಮಜಾ ಅನ್ನುವುದು ಮುಗಿದು ಎಷ್ಟೋ ತಿಂಗಳಾಗಿರುತ್ತದೆ. ಕೆಲಸಕ್ಕೆ ಹೋಗಲು, ನೆಟ್ಟಗೆ ನಿಲ್ಲಲು ಅಷ್ಟೇ ಬೇಕಾಗಿರುತ್ತದೆ.

ಚಿಕಿತ್ಸೆಯ ಮೊದಲ ದಿನ ಈ ಸಂಕಟವನ್ನೇ ಕಾಯಬೇಕು. ಇದನ್ನು ಹೇಳುವುದು ನನಗೆ ಯಾವತ್ತೂ ಸುಲಭವಲ್ಲ. ನಾವು ಕೊಡುವ ಔಷಧಿ ಬ್ಯುಪ್ರೆನಾರ್ಫಿನ್. ಅದೂ ಓಪಿಯಾಯ್ಡೇ, ಆದರೆ ಅದರ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮೆದುಳಿನಲ್ಲಿ ಓಪಿಯಾಯ್ಡ್ ಕೂರುವ ಜಾಗವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಸಂಕಟ ಇಳಿಯುತ್ತದೆ, ಆಸೆ ತಗ್ಗುತ್ತದೆ. ಡೋಸ್ ಏರಿಸುತ್ತ ಹೋದರೂ ಒಂದು ಮಟ್ಟದ ಮೇಲೆ ಪರಿಣಾಮ ಏರುವುದಿಲ್ಲ. ಹಾಗಾಗಿ ಉಸಿರು ನಿಲ್ಲುವ ಅಪಾಯ ಬೇರೆ ಓಪಿಯಾಯ್ಡ್‌ಗಳಿಗಿಂತ ಬಹಳ ಕಡಿಮೆ. ಆದರೆ ಟ್ಯಾಪೆಂಟಡಾಲ್ ಇನ್ನೂ ಮೈಯಲ್ಲಿ ಇರುವಾಗಲೇ ಇದನ್ನು ಕೊಟ್ಟರೆ ಅದನ್ನು ತಳ್ಳಿ ತಾನು ಕೂರುತ್ತದೆ. ಆಗ ಇಡೀ ಸಂಕಟ ಸ್ವಲ್ಪ ಹೊತ್ತಿನಲ್ಲೇ ಒಮ್ಮೆಗೇ ಬಂದು ಬಡಿಯುತ್ತದೆ. ಹಾಗೆ ಆದವನು ಮತ್ತೆ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ.

ಅದಕ್ಕೇ ಕೊನೆಯ ಡೋಸ್ ಯಾವಾಗ ಎಂದು ಕೇಳುತ್ತೇನೆ. ಸಾಮಾನ್ಯವಾಗಿ 12 ಗಂಟೆಯಾದರೂ ಆಗಿರಬೇಕು. ಗಂಟೆ ಲೆಕ್ಕವನ್ನೇ ನಂಬಿ ಕೂರುವುದಿಲ್ಲ. ನಾಡಿ, ಬೆವರು, ಕಣ್ಣಿನ ಪಾಪೆ, ಆಕಳಿಕೆ, ಮೈಮುಳ್ಳು ಹೀಗೆ 11 ಲಕ್ಷಣಗಳಿಗೆ ಅಂಕ ಹಾಕುವ ಕೌಸ್ ಎಂಬ ಪಟ್ಟಿ ಇದೆ. ನನಗೆ ಅದರಲ್ಲಿ ಹೆಚ್ಚು ನಂಬಿಕೆ ಪಾಪೆ ಮತ್ತು ಮೈಮುಳ್ಳಿನ ಮೇಲೆ. ಅವನ್ನು ನಟಿಸಲೂ ಆಗದು, ಮುಚ್ಚಿಡಲೂ ಆಗದು. ಅಂಕ ಸಾಕಷ್ಟಾದ ಮೇಲೆ ಡಾಕ್ಟರು ಬರೆದ ಮೊದಲ ಡೋಸ್ ಕೊಡುತ್ತೇವೆ. ಹೆಚ್ಚಾಗಿ 2 ಮಿಲಿಗ್ರಾಂನಿಂದ ಶುರು. ನುಂಗುವ ಹಾಗಿಲ್ಲ, ನಾಲಿಗೆ ಕೆಳಗೆ ಇಟ್ಟುಕೊಳ್ಳಬೇಕು. ಪೂರ್ತಿ ಕರಗಲು ಐದರಿಂದ ಹತ್ತು ನಿಮಿಷ. ಅಲ್ಲಿಯವರೆಗೆ ಮಾತಿಲ್ಲ, ನೀರಿಲ್ಲ. ನಾನೂ ಪಕ್ಕದಲ್ಲೇ ಕೂರುತ್ತೇನೆ. ಒಂದೆರಡು ಗಂಟೆ ಬಿಟ್ಟು ಮತ್ತೆ ಅಂಕ ಹಾಕುತ್ತೇವೆ, ಬೇಕಾದರೆ ಇನ್ನೊಂದು ಡೋಸ್. ಮಧ್ಯಾಹ್ನದ ಹೊತ್ತಿಗೆ ಮುಖದ ಬಿಗಿ ಸಡಿಲವಾಗುತ್ತದೆ. ಹಸಿವು ಅನ್ನುತ್ತಾರೆ. ಕ್ಯಾಂಟೀನಿನ ಇಡ್ಲಿ ಕೇಳುತ್ತಾರೆ. ನನ್ನ ಕೆಲಸದಲ್ಲಿ ಇಷ್ಟು ಬೇಗ, ಇಷ್ಟು ಎದ್ದು ಕಾಣುವ ಹಾಗೆ ಕೆಲಸ ಮಾಡುವ ಔಷಧಿ ಬೇರೆ ನೋಡಿಲ್ಲ.

ನಾವು ಕೊಡುವ ಮಾತ್ರೆಯಲ್ಲಿ 2 ಮಿಲಿಗ್ರಾಂ ಬ್ಯುಪ್ರೆನಾರ್ಫಿನ್ ಜೊತೆ 0.5 ಮಿಲಿಗ್ರಾಂ ನಾಲೊಕ್ಸೋನ್ ಇರುತ್ತದೆ. ಅದು ಓಪಿಯಾಯ್ಡ್ ಪರಿಣಾಮವನ್ನು ತಡೆಯುವ ಔಷಧಿ. ನಾಲಿಗೆ ಕೆಳಗೆ ಇಟ್ಟರೆ ನಾಲೊಕ್ಸೋನ್ ಹೆಚ್ಚು ಒಳಗೆ ಹೋಗುವುದಿಲ್ಲ. ಯಾರಾದರೂ ಚುಚ್ಚಿಕೊಳ್ಳಲು ನೋಡಿದರೆ ಮಾತ್ರ ಅದು ತನ್ನ ಕೆಲಸ ಮಾಡಿ ಸಂಕಟ ತರುತ್ತದೆ. ಇದನ್ನು ಮೊದಲ ದಿನವೇ ಬಿಡಿಸಿ ಹೇಳುತ್ತೇನೆ. ಹೆದರಿಸಲು ಅಲ್ಲ. ತನ್ನ ಬಾಯಿಗೆ ಹೋಗುತ್ತಿರುವುದು ಏನು ಎಂದು ತಿಳಿಯುವ ಹಕ್ಕು ಎಲ್ಲರಿಗೂ ಇದೆ, ಅಲ್ವಾ?

ಇನ್ನು ಗಾಯಗಳ ಮಾತು. ನರ್ಸ್ ಆಗಿ ನನ್ನ ಹೆಚ್ಚಿನ ಸಮಯ ಹೋಗುವುದು ಇಲ್ಲೇ.

ಮಾತ್ರೆಯಲ್ಲಿ ಔಷಧಿ ಇರುವುದು ಸ್ವಲ್ಪ. ಉಳಿದದ್ದು ಅದಕ್ಕೆ ಆಕಾರ ಕೊಡುವ ಪುಡಿ, ಅಂಟು, ಟಾಲ್ಕ್. ಹೊಟ್ಟೆಗೆ ಹೋದರೆ ಏನೂ ತೊಂದರೆ ಇಲ್ಲ. ರಕ್ತಕ್ಕೆ ಹೋದರೆ ಕರಗದೆ ಸಣ್ಣ ನಾಳಗಳನ್ನು ಕಟ್ಟುತ್ತದೆ, ಶ್ವಾಸಕೋಶದಲ್ಲಿ ಹೋಗಿ ಕೂರುತ್ತದೆ. ನಾಳ ಗಟ್ಟಿಯಾಗಿ ಹಗ್ಗದ ಹಾಗೆ ಕೈಗೆ ಸಿಗುತ್ತದೆ. ಕೀವು ತುಂಬುತ್ತದೆ. ಅಂಗೈ ಊದಿ ಬೆರಳು ಮಡಚಲಾಗದೆ ಬರುವವರಿದ್ದಾರೆ. ಇಷ್ಟಾದರೂ ಅವರು ಗಾಯ ಮುಚ್ಚಿಕೊಂಡೇ ಬರುತ್ತಾರೆ. ಬೇಸಿಗೆಯಲ್ಲೂ ಉದ್ದ ತೋಳಿನ ಶರ್ಟು. ತೋರಿಸಿದರೆ ಬೈಗುಳ ಬೀಳುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಹಿಂದೆ ತೋರಿಸಿದಾಗ ಬೈಸಿಕೊಂಡೇ ಇರುತ್ತಾರೆ.

ನಾನು ಗಾಯ ತೊಳೆಯುವಾಗ ಪ್ರಶ್ನೆ ಕೇಳುವುದಿಲ್ಲ. ಯಾಕೆ ಮಾಡಿದೆ, ಅಪ್ಪ ಅಮ್ಮನ ಮುಖ ನೋಡಬಾರದಾ ಎಂಬ ಮಾತುಗಳನ್ನು ಆ ಹುಡುಗ ಮನೆಯಲ್ಲೇ ಸಾಕಷ್ಟು ಕೇಳಿರುತ್ತಾನೆ. ಸಲೈನ್ ಹಾಕುತ್ತೇನೆ, ನೋವಾಗುತ್ತಾ ಎಂದು ಕೇಳುತ್ತೇನೆ. ನಾಳೆ ಮತ್ತೆ ಡ್ರೆಸಿಂಗ್‌ಗೆ ಬಾ ಎನ್ನುತ್ತೇನೆ. ಬರುತ್ತಾನೆ. ಗಾಯದ ನೆಪದಲ್ಲಿ ಬಂದವರು ನಿಧಾನವಾಗಿ ಮಾತ್ರೆಯ ವಿಷಯ ತೆಗೆಯುತ್ತಾರೆ. ಬಲವಂತದಿಂದ ಕರೆತಂದವರಿಗಿಂತ ಇವರು ಹೆಚ್ಚು ಕಾಲ ನಮ್ಮ ಜೊತೆ ಉಳಿಯುವುದನ್ನು ನೋಡಿದ್ದೇನೆ.

ರಕ್ತ ತೆಗೆಯುವುದೂ ಹಾಗೆಯೇ. ನಾಳ ಸಿಗುವುದಿಲ್ಲ. ಸುಮ್ನೆ ನಾಲ್ಕು ಕಡೆ ಚುಚ್ಚಿ ಹಿಂಸೆ ಕೊಡುವ ಬದಲು, "ಎಲ್ಲಿ ಸಿಗುತ್ತೆ, ನೀವೇ ಹೇಳಿ" ಎಂದು ಕೇಳುತ್ತೇನೆ. ಅವರಿಗೆ ಗೊತ್ತಿರುತ್ತದೆ. ಆ ಒಂದು ಪ್ರಶ್ನೆಗೆ ಮುಖ ಎತ್ತಿ ನೋಡುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮೂರೂ ಪರೀಕ್ಷೆ ಮಾಡಿಸುತ್ತೇವೆ. ಹೆಪಟೈಟಿಸ್ ಸಿ ಈಗ ಗುಣವಾಗುವ ಕಾಯಿಲೆ. ಹೆಚ್ಚಿನವರಿಗೆ 12 ವಾರ ಮಾತ್ರೆ ಸಾಕು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಅದು ಉಚಿತ. ಇದನ್ನು ಕೇಳಿದಾಗ ನಂಬದವರೇ ಹೆಚ್ಚು.

ಇನ್ನೂ ಚುಚ್ಚಿಕೊಳ್ಳುತ್ತಿರುವವನ ಜೊತೆ ಹೊಸ ಸೂಜಿಯ ಮಾತಾಡುತ್ತೇವೆ. ಸೂಜಿ ಮಾತ್ರ ಅಲ್ಲ, ಕಲಸುವ ಮುಚ್ಚಳ, ಹತ್ತಿ, ನೀರು ಯಾವುದನ್ನೂ ಹಂಚಿಕೊಳ್ಳಬೇಡ ಎನ್ನುತ್ತೇವೆ. ಕುತ್ತಿಗೆ, ತೊಡೆಸಂದಿಗೆ ಹೋಗಲೇಬೇಡ ಎನ್ನುತ್ತೇವೆ. ಇದನ್ನು ಕೇಳಿ ಸಿಟ್ಟಾಗುವವರಿದ್ದಾರೆ. ಆಸ್ಪತ್ರೆಯವರೇ ಚುಚ್ಚಿಕೊಳ್ಳಲು ಹೇಳಿಕೊಡುತ್ತಾರಾ ಎಂದು ಕೇಳುತ್ತಾರೆ. ನನ್ನ ಉತ್ತರ ನೇರ. ಅವನು ಇವತ್ತು ರಾತ್ರಿ ಹೇಗೂ ಚುಚ್ಚಿಕೊಳ್ಳುತ್ತಾನೆ. ನಾನು ಸುಮ್ಮನಿದ್ದರೆ ಗೆಳೆಯನ ಸೂಜಿಯಲ್ಲಿ ಚುಚ್ಚಿಕೊಳ್ಳುತ್ತಾನೆ. ಇನ್ನಾರು ತಿಂಗಳಿಗೆ ಅವನು ಬಿಡಲು ತಯಾರಾಗುವ ಹೊತ್ತಿಗೆ ಎಚ್‌ಐವಿ ಬಂದಿರಬಾರದು. ಇದು ನನ್ನೊಬ್ಬಳ ಹಠವೂ ಅಲ್ಲ. ಶುದ್ಧ ಸೂಜಿ ಒದಗಿಸುವುದು, ಬದಲಿ ಔಷಧಿ ಕೊಡುವುದು ಇಂಥ ಕೆಲಸಗಳು ಅಪರಾಧವಲ್ಲ ಎಂದು 2017ರ ಎಚ್‌ಐವಿ ಕಾಯ್ದೆಯೇ ಸ್ಪಷ್ಟವಾಗಿ ಹೇಳಿದೆ. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸೂಜಿಯಿಂದ ಡ್ರಗ್ಸ್ ತೆಗೆದುಕೊಳ್ಳುವವರು ಸುಮಾರು 8.5 ಲಕ್ಷ. ಅಷ್ಟು ಜನ ಬಿಡುವವರೆಗೆ ಕಾಯುತ್ತೇವೆ, ಆಮೇಲೆ ಕಾಪಾಡುತ್ತೇವೆ ಎನ್ನಲಾಗುತ್ತದೆಯೇ?

ಮನೆಯವರ ಜೊತೆಗಿನ ಮಾತು ಬೇರೆಯೇ. ಅಮ್ಮಂದಿರು ಹೆಚ್ಚಾಗಿ ಒಬ್ಬರೇ ಬರುತ್ತಾರೆ, ಗಂಡನಿಗೂ ಹೇಳದೆ. "ಮದುವೆ ಮಾಡಿದ್ರೆ ಸರಿಹೋಗ್ತಾನಾ?" ಎಂದು ಎಷ್ಟು ಜನ ಕೇಳಿದ್ದಾರೋ. ಬೇಡಮ್ಮ ಎನ್ನುತ್ತೇನೆ. ಇನ್ನೊಂದು ಮನೆಯ ಹುಡುಗಿಗೆ ಈ ಭಾರ ಹೊರಿಸಬೇಡಿ, ಅವನು ಮೊದಲು ತನ್ನ ಕಾಲ ಮೇಲೆ ನಿಲ್ಲಲಿ.

ಎರಡನೆಯ ಪ್ರಶ್ನೆ, "ಎಷ್ಟು ದಿನ ಈ ಮಾತ್ರೆ?" ಎಲ್ಲರಿಗೂ ಬೇಕಿರುವ ಉತ್ತರ ಹದಿನೈದು ದಿನ. ನಾನು ಹೇಳುವುದು, ಬಹುಶಃ ವರ್ಷಗಟ್ಟಲೆ. ಮುಖ ಬಾಡುತ್ತದೆ. "ಹಾಗಾದ್ರೆ ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದ ಹಾಗಾಯ್ತಲ್ಲ!" ಈ ಮಾತು ಮನೆಯವರಿಂದ ಮಾತ್ರ ಅಲ್ಲ, ಬಿಳಿ ಕೋಟು ಹಾಕಿದವರ ಬಾಯಲ್ಲೂ ಕೇಳಿದ್ದೇನೆ.

ಆಗ ನಾನು ಸ್ವೀಡನ್ನಿನ ಒಂದು ಅಧ್ಯಯನದ ಕಥೆ ಹೇಳುತ್ತೇನೆ. ಯೋಹಾನ್ ಕಾಕ್ಕೊ ಮತ್ತು ಜೊತೆಗಾರರು ಸ್ಟಾಕ್‌ಹೋಮ್‌ನಲ್ಲಿ ಮಾಡಿದ್ದು. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೆರಾಯಿನ್ ಅವಲಂಬನೆ ಇದ್ದ 40 ಜನ. ಇಪ್ಪತ್ತು ಜನರಿಗೆ ಇಡೀ ವರ್ಷ ದಿನಾ 16 ಮಿಲಿಗ್ರಾಂ ಬ್ಯುಪ್ರೆನಾರ್ಫಿನ್. ಉಳಿದ ಇಪ್ಪತ್ತು ಜನರಿಗೆ ಆರು ದಿನದಲ್ಲಿ ಡೋಸ್ ಇಳಿಸಿ ನಿಲ್ಲಿಸಿದರು, ಆಮೇಲೆ ಔಷಧಿ ಇಲ್ಲದ ಮಾತ್ರೆ. ಆಪ್ತಸಲಹೆ, ಗುಂಪು ಚಿಕಿತ್ಸೆ ಎರಡೂ ಗುಂಪಿಗೂ ಇತ್ತು. ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ನೂರಕ್ಕೆ 75 ಜನ ಚಿಕಿತ್ಸೆಯಲ್ಲಿ ಉಳಿದಿದ್ದರು. ಎರಡನೆಯ ಗುಂಪಿನಲ್ಲಿ ಒಬ್ಬರೂ ಇಲ್ಲ. ಆ ಇಪ್ಪತ್ತು ಜನರಲ್ಲಿ ನಾಲ್ವರು ತೀರಿಕೊಂಡಿದ್ದರು. ಔಷಧಿ ಮುಂದುವರಿದ ಗುಂಪಿನಲ್ಲಿ ಯಾರೂ ಸಾಯಲಿಲ್ಲ.

ಈ ನಾಲ್ಕು ಸಾವಿನ ಮಾತು ಹೇಳಿದಾಗ ಕೋಣೆಯಲ್ಲಿ ವಾದ ನಿಲ್ಲುತ್ತದೆ. "ಹಾಗಾದ್ರೆ ಶುಗರ್ ಮಾತ್ರೆ ಥರ" ಎಂದು ಒಬ್ಬ ತಂದೆ ತಾವೇ ಹೇಳಿದರು. ಹೌದು, ಹಾಗೇ ಅಂದುಕೊಳ್ಳಿ ಎಂದೆ. ಚಟ ಅಂದರೆ ಸುಳ್ಳು, ಸಾಲ, ಕಳ್ಳತನ, ಸೂಜಿ, ಕೆಲಸ ಬಿಡುವುದು. ದಿನಾ ಬೆಳಗ್ಗೆ ಒಂದು ಮಾತ್ರೆ ಇಟ್ಟುಕೊಂಡು ಗ್ಯಾರೇಜಿಗೆ ಹೋಗಿ, ಸಂಜೆ ಸಂಬಳ ತಂದು ಅಮ್ಮನ ಕೈಗೆ ಕೊಡುವವನನ್ನು ಯಾವ ಬಾಯಲ್ಲಿ ಚಟಗಾರ ಎನ್ನುವುದು?

ಇದೇನೂ ಹೊಸ ಯೋಚನೆಯೂ ಅಲ್ಲ. ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ನ್ಯೂಯಾರ್ಕ್‌ನಲ್ಲಿ ಮೆಥಡೋನ್ ಎಂಬ ಇನ್ನೊಂದು ಬದಲಿ ಓಪಿಯಾಯ್ಡ್ ಕೊಟ್ಟು ಇದನ್ನು ತೋರಿಸಿದ್ದು 1965ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಮೆಥಡೋನ್, ಬ್ಯುಪ್ರೆನಾರ್ಫಿನ್ ಎರಡನ್ನೂ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆದರೂ ನಮ್ಮಲ್ಲಿ ಈ ಬ್ಯುಪ್ರೆನಾರ್ಫಿನ್ ಮಾತ್ರೆ ಮಾಮೂಲಿ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಡಿ-ಅಡಿಕ್ಷನ್ ಕೇಂದ್ರಗಳಿಗೆ ಮಾತ್ರ ಬರುತ್ತದೆ. ದುರುಪಯೋಗದ ಭಯ ನನಗೆ ಅರ್ಥವಾಗುತ್ತದೆ. ಆದರೆ ಕಾಯಿಲೆ ತರುವ ಮಾತ್ರೆ ಬೀದಿ ತಿರುವಿನಲ್ಲೇ ಸಿಗುತ್ತದೆ. ಅದನ್ನು ವಾಸಿ ಮಾಡುವ ಮಾತ್ರೆಗೆ ಹುಡುಗ ಎರಡು ಬಸ್ಸು ಬದಲಿಸಿ, ಅರ್ಧ ದಿನದ ಕೂಲಿ ಬಿಟ್ಟು ಬರಬೇಕು. ಇದು ಸರಿ ಎಂದು ನನಗೆ ಯಾವತ್ತೂ ಅನಿಸಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಸ್ಥಿರವಾಗಿದ್ದವರಿಗೆ ಹಲವು ದಿನದ ಮಾತ್ರೆ ಮನೆಗೇ ಕೊಡಲು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋ ಅವಕಾಶ ಕೊಟ್ಟಿತು. ನಂಬಿ ಕೊಟ್ಟಾಗ ಜನ ಆ ನಂಬಿಕೆ ಉಳಿಸಿಕೊಂಡಿದ್ದನ್ನು ಕಣ್ಣಾರೆ ನೋಡಿದೆ. ಈಗಲೂ ಊರ ಜಾತ್ರೆ, ಹಬ್ಬ ಅಂತ ಹೊರಟವರಿಗೆ ಮನೆಗೆ ಮಾತ್ರೆ ಕೊಡಬೇಕೋ ಬೇಡವೋ ಎಂಬ ಚರ್ಚೆ ಬಂದಾಗ ನಾನು ಕೊಡೋಣ ಎನ್ನುವ ಕಡೆಯೇ ಇರುತ್ತೇನೆ.

ಕಳಂಕ ಅನ್ನುವುದು ಹೊರಗಿನ ಸಮಾಜದಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡಿ. ಆಸ್ಪತ್ರೆಗಳ ಒಳಗೇ ಇದೆ. ಕೀವು ತುಂಬಿದ ತೋಳಿನ ಹುಡುಗನನ್ನು ಒಂದು ಆಸ್ಪತ್ರೆಯ ಸರ್ಜರಿ ವಿಭಾಗಕ್ಕೆ ಕಳಿಸಿದರೆ, ಇವನು ಮತ್ತೆ ಚುಚ್ಚಿಕೊಳ್ಳುತ್ತಾನೆ, ಯಾಕೆ ವೇಸ್ಟ್ ಎಂದು ವಾಪಸ್ ಕಳಿಸಿದ್ದರು. ಕಾಲು ಮುರಿದು ದಾಖಲಾದವನಿಗೆ ನೋವಿನ ಔಷಧಿಯನ್ನೇ ಕೊಟ್ಟಿರಲಿಲ್ಲ, ಇವನಿಗೆ ಅದೇ ಬೇಕು ಅಂತ. ಬ್ಯುಪ್ರೆನಾರ್ಫಿನ್ ತೆಗೆದುಕೊಳ್ಳುವವನಿಗೂ ಮೂಳೆ ಮುರಿದರೆ ನೋವಾಗುತ್ತದೆ. ಅವನಿಗೆ ನೋವು ಇಳಿಸಲು ಹೆಚ್ಚು ಔಷಧಿ ಬೇಕಾಗಬಹುದು, ಕಡಿಮೆ ಅಲ್ಲ. ಈಗ ನಾವು ಬೇರೆ ವಿಭಾಗಕ್ಕೆ ಕಳಿಸುವಾಗ ಬರೀ ಚೀಟಿ ಕೊಟ್ಟು ಕಳಿಸುವುದಿಲ್ಲ. ಮೊದಲೇ ಫೋನ್ ಮಾಡುತ್ತೇವೆ. ಆದಷ್ಟು ಮಟ್ಟಿಗೆ ಒಬ್ಬರು ಜೊತೆಗೆ ಹೋಗುತ್ತೇವೆ. ಸಮವಸ್ತ್ರದಲ್ಲಿ ಒಬ್ಬರು ಪಕ್ಕದಲ್ಲಿ ನಿಂತರೆ ಮಾತಿನ ಧಾಟಿಯೇ ಬೇರೆ ಆಗುತ್ತದೆ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಅವರು ಬರುವುದೇ ಅಪರೂಪ. ಬಂದರೂ ತಲೆನೋವು, ನಿದ್ದೆ ಇಲ್ಲ ಎಂದು ಬೇರೆ ಏನೋ ಹೇಳುತ್ತಾರೆ. ಗರ್ಭಿಣಿಯಾದರೆ ಮನೆಯವರು ಮೊದಲು ಹೇಳುವುದು ಎಲ್ಲ ಮಾತ್ರೆ ನಿಲ್ಲಿಸು ಅಂತ. ಒಮ್ಮೆಗೇ ನಿಲ್ಲಿಸಿದರೆ ತಾಯಿ ಮತ್ತೆ ಹಳೆಯ ದಾರಿಗೆ ಬೀಳುವ ಅಪಾಯ ದೊಡ್ಡದು, ಮಗುವಿಗೂ ಒಳ್ಳೆಯದಲ್ಲ. ವೈದ್ಯರ ಮೇಲ್ವಿಚಾರಣೆಯಲ್ಲಿ ಬ್ಯುಪ್ರೆನಾರ್ಫಿನ್ ಮುಂದುವರಿಸುವುದೇ ಕ್ರಮ. ಮಗುವಿಗೆ ಹುಟ್ಟಿದ ಮೇಲೆ ಕೆಲವು ದಿನ ಸಂಕಟ ಇರಬಹುದು, ಅದನ್ನು ನೋಡಿಕೊಳ್ಳಲು ದಾರಿ ಇದೆ. ಸಾಮಾನ್ಯವಾಗಿ ಎದೆಹಾಲನ್ನೂ ಕೊಡಬಹುದು.

ನನಗೆ ತುಂಬಾ ಭಯ ಹುಟ್ಟಿಸುವುದು ಬೀಗ ಹಾಕಿದ ಖಾಸಗಿ ಕೇಂದ್ರಗಳಿಂದ ಹೊರಬಂದ ಹುಡುಗರು. ಮನೆಯವರು ಸಾಲ ಮಾಡಿ ತಿಂಗಳುಗಟ್ಟಲೆ ಇಟ್ಟಿರುತ್ತಾರೆ. ಕೆಲವರ ಮೈಮೇಲೆ ಹೊಡೆದ ಗುರುತು ನೋಡಿದ್ದೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವ್ಯಸನದ ಚಿಕಿತ್ಸೆಗೂ ಅನ್ವಯಿಸುತ್ತದೆ. ಯಾರಿಗೂ ಸರಪಳಿ ಹಾಕುವಂತಿಲ್ಲ, ಕ್ರೂರವಾಗಿ ನಡೆಸಿಕೊಳ್ಳುವಂತಿಲ್ಲ. ಹೊಡೆತದ ಗಾಯ ಮಾಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ತಿಂಗಳುಗಟ್ಟಲೆ ಔಷಧಿ ಇಲ್ಲದೆ ಇದ್ದ ಮೈ ತನ್ನ ತಾಳಿಕೆ ಕಳೆದುಕೊಂಡಿರುತ್ತದೆ. ಹೊರಬಂದ ಹುಡುಗ ಹಳೆಯ ಅಳತೆಯಲ್ಲೇ ಒಮ್ಮೆ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಜೈಲಿನಿಂದ ಬಂದವರಿಗೂ ಇದೇ ಅಪಾಯ. ಜೊತೆಗೆ ನಿದ್ದೆ ಮಾತ್ರೆ, ಮದ್ಯ ಸೇರಿದರೆ ಕೇಳುವುದೇ ಬೇಡ.

ಆದ್ದರಿಂದ ಪ್ರತಿ ಮನೆಯವರಿಗೂ, ಗೆಳೆಯರಿಗೂ ಇದನ್ನು ಹೇಳಿಕೊಡುತ್ತೇನೆ. ಕರೆದರೂ, ಜೋರಾಗಿ ಅಲುಗಾಡಿಸಿದರೂ ಏಳುತ್ತಿಲ್ಲ, ತುಟಿ ನೀಲಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಗಂಟಲಲ್ಲಿ ಗೊರಗೊರ ಸದ್ದು ಇದ್ದರೆ ಅದು ನಿದ್ದೆ ಅಲ್ಲ. ಕೂಡಲೇ 108ಕ್ಕೆ ಫೋನ್ ಮಾಡಿ. ಉಸಿರು ನಿಂತಿದ್ದರೆ ಬಾಯಿಂದ ಬಾಯಿಗೆ ಉಸಿರು ಕೊಡಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ತಣ್ಣೀರು ಸುರಿಯುವುದು, ಹಾಲು ಕುಡಿಸುವುದು, ಉಪ್ಪುನೀರು ಚುಚ್ಚುವುದು ಯಾವುದೂ ಬೇಡ. ಏನು ತೆಗೆದುಕೊಂಡಿದ್ದಾನೆ ಎಂದು ಆಂಬುಲೆನ್ಸ್‌ನವರಿಗೆ ಮುಚ್ಚಿಡದೆ ಹೇಳಿ. ಆಸ್ಪತ್ರೆಯಲ್ಲಿ ಕೊಡುವ ನಾಲೊಕ್ಸೋನ್ ಇಂಜೆಕ್ಷನ್ ನಿಮಿಷಗಳಲ್ಲಿ ಉಸಿರು ತರುತ್ತದೆ, ಆದರೆ ಅದರ ಪರಿಣಾಮ 30ರಿಂದ 90 ನಿಮಿಷ ಅಷ್ಟೇ. ಎದ್ದ ಕೂಡಲೇ ಮನೆಗೆ ಕರೆದುಕೊಂಡು ಹೊರಡಬೇಡಿ. ನನ್ನ ಕೈಗೆ ಅಧಿಕಾರ ಸಿಕ್ಕರೆ ನಾಲೊಕ್ಸೋನ್ ಅನ್ನು ಈ ಮನೆಗಳಿಗೆಲ್ಲ ಮೊದಲೇ ಕೊಟ್ಟು, ಬಳಸುವುದು ಹೇಗೆ ಎಂದು ಕಲಿಸಿ ಕಳಿಸುತ್ತೇನೆ.

ಪೊಲೀಸ್ ಭಯಕ್ಕೆ ಬರದೇ ಇರುವವರಿಗೆ ಒಂದು ಮಾತು. ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಎಂಬ ಸೆಕ್ಷನ್ ಇದೆ. ಸೇವನೆಯ ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡ ಆರೋಪ ಇರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆಗೆ ಬಂದರೆ ಆ ಆರೋಪದಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು ಎಂಬ ಷರತ್ತು ಇದೆ. ಕೇಸ್ ಇದ್ದರೆ ವಕೀಲರಿಗೆ ಈ ಸೆಕ್ಷನ್ ನೆನಪಿಸಿ.

ನಿಮ್ಮ ಮನೆಯಲ್ಲಿ ಯಾರಾದರೂ ಹೀಗಿದ್ದರೆ 14446ಕ್ಕೆ ಫೋನ್ ಮಾಡಬಹುದು, ಅದು ವ್ಯಸನಕ್ಕೇ ಇರುವ ರಾಷ್ಟ್ರೀಯ ಸಹಾಯವಾಣಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಇದೆ. ಎಲ್ಲಿಗೇ ಹೋಗಿ, ಸೇರಿಸುವ ಮೊದಲು ಇಷ್ಟು ಕೇಳಿ. ಬ್ಯುಪ್ರೆನಾರ್ಫಿನ್ ಕೊಡುತ್ತೀರಾ? ಎಷ್ಟು ಕಾಲ ಕೊಡುತ್ತೀರಾ? ನಡುವೆ ಒಮ್ಮೆ ಜಾರಿದರೆ ಹೊರಗೆ ಹಾಕುತ್ತೀರಾ, ಮತ್ತೆ ಸೇರಿಸಿಕೊಳ್ಳುತ್ತೀರಾ? ಮನೆಯವರು ಬಂದು ನೋಡಬಹುದಾ? ಹೆಪಟೈಟಿಸ್ ಸಿ ಪರೀಕ್ಷೆ ಮಾಡುತ್ತೀರಾ? ಉತ್ತರ ಕೊಡಲು ತಡವರಿಸುವ ಕಡೆ ದುಡ್ಡು ಕಟ್ಟಬೇಡಿ. ಬರುವಾಗ ಖಾಲಿ ಸ್ಟ್ರಿಪ್ ಇದ್ದರೆ ತನ್ನಿ. ಯಾವ ಔಷಧಿ, ಎಷ್ಟು ಮಿಲಿಗ್ರಾಂ ಎಂದು ನಮಗೆ ಅದರಿಂದ ಗೊತ್ತಾಗುತ್ತದೆ. ಕೊನೆಯ ಬಾರಿ ಎಷ್ಟು ಗಂಟೆಗೆ ತೆಗೆದುಕೊಂಡ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ.